ಟೈಲ್‌ಗೆ ಹಂಚು ಅನ್ನಬಹುದೇ? ಸೋಮವಾರದೊಳಗೆ ಬೇಕು

(ಬದಿಯಡ್ಕದಿಂದ)
ಎಲ್ಲರಿಗೂ ನಮಸ್ಕಾರ. ಸೋಮವಾರ ಬೆಳಗ್ಗೆ ನಮ್ಮ ಶಾಲೆಯ ಲ್ಯಾಬಿನ ಗೋಡೆಗೆ ಒಂದು ಹಾಳೆ ಅಂಟಿಸಬೇಕು. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನ ಸೈಕಲ್ಸ್ ಎಂಬ ಎಂಜಿನ್ನಿನಲ್ಲಿ ದೊಡ್ಡ ಚಿತ್ರವನ್ನು ತುಂಡು ತುಂಡಾಗಿ ರೆಂಡರ್ ಮಾಡುವ (ಬೆಳಕಿನ ಲೆಕ್ಕ ಹಾಕಿ ಚಿತ್ರ ಮೂಡಿಸುವ) ಕ್ರಮ. ಆ ಒಂದೊಂದು ತುಂಡೇ ಟೈಲ್. ಮಕ್ಕಳು ಕನ್ನಡ ಮಾಧ್ಯಮದವರು.

ಹೋದ ವಾರ ಬೋರ್ಡಿನಲ್ಲಿ 'ಹಂಚಿನ ಗಾತ್ರ 2048ರಿಂದ 512ಕ್ಕೆ ಇಳಿಸಿ' ಎಂದು ಬರೆದೆ. ಮಕ್ಕಳು ಮಾಡಿದ್ದು ಹಂಚಿನ ಮನೆ. ಎಂಟನೆಯ ಕ್ಲಾಸಿನ ಹುಡುಗಿಯೊಬ್ಬಳು ಮಾಡಿನ ಹಂಚುಗಳನ್ನೇ ಒಂದೊಂದಾಗಿ ಸಣ್ಣದು ಮಾಡುತ್ತಾ ಕೂತಿದ್ದಳು. ಎಡೆಯಲ್ಲಿ ಆಕಾಶ ಕಾಣುತ್ತಿತ್ತು. ತಪ್ಪು ಅವಳದ್ದಲ್ಲ, ನನ್ನ ಪದದ್ದು.

ಸ್ಯಾಂಪಲ್‌ಗೂ (ಚಿತ್ರದ ಒಂದೊಂದು ಚುಕ್ಕೆಗೆ ಬೆಳಕನ್ನು ಎಷ್ಟು ಸಲ ಲೆಕ್ಕ ಹಾಕುವುದು ಎಂಬುದು) ಇದೇ ತೊಂದರೆ. ಮಾದರಿ ಅಂದರೆ ಮಾಡೆಲ್ಲೂ ಮಾದರಿಯೇ ಅಲ್ವಾ? ನಾಯ್ಸ್‌ಗೆ (ಚಿತ್ರದಲ್ಲಿ ಏಳುವ ಒರಟು ಚುಕ್ಕೆಗಳು) ನಿಘಂಟು ಗದ್ದಲ ಅನ್ನುತ್ತದೆ. ಚಿತ್ರದಲ್ಲಿ ಎಲ್ಲಿಯ ಗದ್ದಲ?

(ಕಾಸರಗೋಡಿನಿಂದ)
ಟೀಚರೇ, ರೇ ಟ್ರೇಸಿಂಗ್‌ಗೆ (ಬೆಳಕಿನ ಜಾಡು ಹಿಡಿದು ಚಿತ್ರ ಮಾಡುವುದಕ್ಕೆ) ಕದಿರುಜಾಡು. ಟೈಲ್‌ಗೆ ಬಿಲ್ಲೆ. ರೇಗೆ ಕಿರಣ ಅಂದರೆ ಸಂಸ್ಕೃತ, ಸ್ಯಾಂಪಲ್‌ಗೆ ನಮೂನೆ ಅಂದರೆ ಪಾರಸಿ, ಎರಡೂ ಬೇಡ. ಕದಿರ್ ಹಳಗನ್ನಡದ ಪದ. ನಮ್ಮಲ್ಲಿ ಇರುವಾಗ ಸಾಲ ಯಾಕೆ?

(ಪೆರ್ಲದಿಂದ)
ಟೀಚರ್ ರೇ ಟ್ರೇಸಿಂಗ್‌ಗೆ ಪದ ಕೇಳಲೇ ಇಲ್ಲ. ಕದಿರು ಅಂದರೆ ನಮ್ಮ ಮಕ್ಕಳಿಗೆ ಹೊಸಕ್ಕಿ ಊಟಕ್ಕೆ ಬಾಗಿಲಿಗೆ ಕಟ್ಟುವ ಭತ್ತದ ತೆನೆ. ಚರಕದಲ್ಲೂ ಒಂದು ಕದಿರಿದೆ. ಕಿರಣ ಗೊತ್ತಿಲ್ಲದ ಮಗು ಈ ಊರಲ್ಲಿಲ್ಲ.

ಟೈಲ್‌ಗೆ ಚೌಕ ಅನ್ನಿ. ನಾಯ್ಸ್‌ಗೆ ತರಿ. ಅಕ್ಕಿ ಸರಿ ಅರೆಯದಿದ್ದರೆ ಹಿಟ್ಟು ಬೆರಳಿಗೆ ತರಿತರಿ ಸಿಗುತ್ತದಲ್ಲ, ಸ್ಯಾಂಪಲ್ ಕಮ್ಮಿಯಾದ ಚಿತ್ರ ಕಣ್ಣಿಗೆ ಹಾಗೆಯೇ. ಸ್ಯಾಂಪಲ್ ಸ್ಯಾಂಪಲ್ಲೇ ಇರಲಿ.

(ಕಾಸರಗೋಡಿನಿಂದ)
ಚೌಕವೂ ಹೊರಗಿನದೇ. ಗಡಿಯಲ್ಲಿ ಇರುವ ನಾವೇ ಹೀಗೆ ಬಿಟ್ಟುಕೊಟ್ಟರೆ ಮಕ್ಕಳಿಗೆ ಉಳಿಯುವುದು ಏನು? ಒಂದೊಂದು ಪದಕ್ಕೂ ಜಗಳ ಮಾಡಿಯೇ ಇಲ್ಲಿ ಕನ್ನಡ ಉಳಿದದ್ದು.

(ಪೆರ್ಲದಿಂದ)
ಆ ಹುಡುಗಿಯ ಮನೆಗೆ ಜನೇಲು ಇದ್ದೀತು. ಜನೇಲು ಪೋರ್ಚುಗೀಸರದ್ದು. ಅದನ್ನು ಮುಚ್ಚಿಸುತ್ತೀರಾ? ಲ್ಯಾಬಿನಲ್ಲಿ ಕನ್ನಡದಲ್ಲಿ ಪಾಠ ನಡೆದರೆ ಕನ್ನಡ ಉಳಿಯುತ್ತದೆ. ಪದ ಸೋಸುತ್ತಾ ಕೂತರೆ ಸೋಮವಾರ ಕಳೆದುಹೋಗುತ್ತದೆ.

(ಬದಿಯಡ್ಕದಿಂದ)
ಇಬ್ಬರಿಗೂ ಕೃತಜ್ಞತೆ. ತರಿ ಓದಿದ ಕೂಡಲೇ ಹಾಳೆಗೆ ಹಾಕಿದೆ. ಕಾಸರಗೋಡಿನ ಮಾಸ್ಟ್ರೇ, ಬಿಲ್ಲೆ ನನಗೂ ಇಷ್ಟ. ಆದರೆ ಬಿಲ್ಲೆ ಅಂದರೆ ಮಕ್ಕಳ ಕಣ್ಣಿಗೆ ಉರುಟು ಬರುತ್ತದೆ. ಗ್ರಾಫ್ ಹಾಳೆಯ ಚೌಕ ಅವರಿಗೆ ದಿನಾ ಕಾಣುವಂಥದ್ದು. ಈಗ ಹೀಗಿದೆ:

'ಮೆಮೊರಿ ಸಾಲದಿದ್ದರೆ ಚೌಕದ ಗಾತ್ರ ಇಳಿಸಿ. ಅದರಿಂದ ತರಿ ಕಮ್ಮಿಯಾಗುವುದಿಲ್ಲ. ತರಿ ಕಮ್ಮಿಯಾಗಲು ಸ್ಯಾಂಪಲ್ ಏರಿಸಿ. ತರಿ ಅರ್ಧಕ್ಕೆ ಇಳಿಯಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು: 128 ಇದ್ದರೆ 512. ಹೊತ್ತೂ ಸುಮಾರು ಅಷ್ಟೇ ಪಟ್ಟು ಹಿಡಿಯುತ್ತದೆ. ಎರಡು ಕಂಪ್ಯೂಟರಿನಲ್ಲಿ ಅರ್ಧ ಅರ್ಧ ಚಿತ್ರ ಮಾಡುವಾಗ ಎರಡರಲ್ಲೂ ಸ್ಯಾಂಪಲ್ ಒಂದೇ ಲೆಕ್ಕದಲ್ಲಿ ಇಡಿ. ಇಲ್ಲದಿದ್ದರೆ ಒಂದು ಬದಿ ನುಣುಪು, ಇನ್ನೊಂದು ಬದಿ ತರಿ ಆಗಿ ನಡುವಿನ ಗೆರೆ ಎದ್ದು ಕಾಣುತ್ತದೆ.'

ಬೌನ್ಸ್ ಒಂದು ಬಾಕಿ. ಬೆಳಕು ಗೋಡೆಗೆ ತಾಗಿ ಮತ್ತೆ ಎಷ್ಟು ಸಲ ಹಾರುತ್ತದೆ ಎಂಬ ಲೆಕ್ಕ. ಪುಟಿತ ಅನ್ನಬಹುದೇ ಮಾಸ್ಟ್ರೇ? ಭಾನುವಾರ ರಾತ್ರಿವರೆಗೆ ಕಾಯುತ್ತೇನೆ.

(ಕಾಸರಗೋಡಿನಿಂದ)
ಪುಟಿತ ಸರಿ. ಹಾಕಿ.