ಕೋಡ್ ಅಳಿಸಿದರೂ ಮತ್ತೆ ಮತ್ತೆ ಬರುವ ಎಂಜಿನ್ ಲೈಟ್: ಕನ್ವರ್ಟರ್ ಬದಲಿಸಲೇಬೇಕಾ?

ಹಳೇಗಾಡಿ:
ನಮ್ಮದು 2006ರ ಪೆಟ್ರೋಲ್ ಎಸ್‌ಯುವಿ. 2.4 ಲೀಟರ್, ನಾಲ್ಕು ಸಿಲಿಂಡರ್, 2 ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ. ಎಂಟು ತಿಂಗಳಿಂದ ಎಂಜಿನ್ ಲೈಟ್ ಬೆನ್ನು ಬಿಡುತ್ತಿಲ್ಲ. ಮೊದಲು ಪಿ0171 ಕೋಡ್ ಬಂತು, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಗ್ಯಾರೇಜಿನಲ್ಲಿ ಎಂಜಿನ್ ಕಡೆಗಿರುವ ಮುಂದಿನ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕ ಅಳೆಯುವುದು) ಬದಲಿಸಿ ಕೋಡ್ ಅಳಿಸಿ ಕೊಟ್ಟರು. ಒಂಬತ್ತೇ ದಿನಕ್ಕೆ ಲೈಟ್ ವಾಪಸ್. ಈಗ ಪಿ0171 ಜೊತೆಗೆ ಪಿ0420 ಕೂಡ ಇದೆ, ಅಂದರೆ ಕನ್ವರ್ಟರ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ. ಈ ಸಲ ಕ್ಯಾಟಲಿಟಿಕ್ ಕನ್ವರ್ಟರ್ (ಎಕ್ಸಾಸ್ಟ್ ಹೊಗೆ ಶುದ್ಧ ಮಾಡುವ ಭಾಗ) ಹೋಗಿದೆ, ಬದಲಿಸಿ ಅಂತಿದ್ದಾರೆ. ಬೆಳಿಗ್ಗೆ ಐಡ್ಲಿಂಗ್‌ನಲ್ಲಿ ಎಂಜಿನ್ ಸ್ವಲ್ಪ ನಡುಗುತ್ತದೆ. ರಸ್ತೆಗಿಳಿದ ಮೇಲೆ ಪಿಕಪ್ ಚೆನ್ನಾಗಿಯೇ ಇದೆ. ಅಪ್ಪ ಓಡಿಸಿದ ಗಾಡಿ, ಮಾರುವ ಮನಸ್ಸಿಲ್ಲ. ಕನ್ವರ್ಟರ್ ಹಾಕಿಸಿಬಿಡಲಾ?

ದೂರದಾರಿ:
ಹಾಕಿಸಿ. 2 ಲಕ್ಷ ಓಡಿದ ಕನ್ವರ್ಟರ್‌ನಿಂದ ಇನ್ನೆಷ್ಟು ದಿನ ಕೆಲಸ ಬಯಸುತ್ತೀರಿ? ನನ್ನ ಗಾಡಿಯಲ್ಲೂ ಪಿ0420 ಬಂದಿತ್ತು. ಹೊಸದು ಹಾಕಿಸಿದ ದಿನವೇ ಲೈಟ್ ಹೋಯಿತು.

ಸ್ಪ್ಯಾನರ್:
ದಯವಿಟ್ಟು ಈಗಲೇ ಹಾಕಿಸಬೇಡಿ. ನಾನು ಇದೇ ಕೆಲಸ ಮಾಡುವವನು. ಎರಡು ಕೋಡ್ ಒಟ್ಟಿಗೆ ಇದ್ದಾಗ ಯಾವುದು ಮೊದಲು ಬಂತು ಅನ್ನೋದು ಮುಖ್ಯ. ನಿಮ್ಮಲ್ಲಿ ಪಿ0171 ಮೊದಲು. ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಗಾಳಿ ಮತ್ತು ಪೆಟ್ರೋಲ್ ತೂಕದ ಲೆಕ್ಕದಲ್ಲಿ 14.7ಕ್ಕೆ 1ರ ಆಸುಪಾಸಿನಲ್ಲೇ ಇರಬೇಕು. ಮಿಶ್ರಣವೇ ಹಳಿ ತಪ್ಪಿದ್ದರೆ ಕನ್ವರ್ಟರ್ ಚೆನ್ನಾಗಿದೆಯೋ ಹಾಳಾಗಿದೆಯೋ ಹೇಳುವುದು ಹೇಗೆ?

ಆ ಸೆನ್ಸರ್ ಬದಲಿಸಿದ್ದೂ ಅಷ್ಟೇ. 'ಗಾಳಿ ಜಾಸ್ತಿ' ಅಂತ ಅದು ಹೇಳಿದ್ದು ನಿಜವೇ ಇರಬಹುದು. ಹೊಸ ಸೆನ್ಸರ್ ಕೂಡ ಅದನ್ನೇ ಹೇಳಿತು, ಅಲ್ವಾ?

ಒಂದು ಸಣ್ಣ ಸ್ಕ್ಯಾನರ್ ತೆಗೆದುಕೊಳ್ಳಿ. ಕೋಡ್ ಮಾತ್ರ ಓದುವುದಲ್ಲ, ಓಡುತ್ತಿರುವ ಎಂಜಿನ್‌ನ ಅಂಕಿಗಳನ್ನೂ ತೋರಿಸುವಂಥದ್ದು. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ. ತಪ್ಪು ದಾಖಲಾದ ಕ್ಷಣದಲ್ಲಿ ಆರ್‌ಪಿಎಂ, ವೇಗ, ಕೂಲೆಂಟ್ ಬಿಸಿ ಎಷ್ಟಿತ್ತು ಅಂತ ಅದರಲ್ಲಿ ಇರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಎಷ್ಟೋ ಗಾಡಿಗಳು ಈ ಒಂದು ಸುಳಿವು ಕಳೆದುಕೊಂಡೇ ನನ್ನ ಹತ್ತಿರ ಬರುತ್ತವೆ. ನೋಡಿದಾಗ ಬೇಜಾರಾಗುತ್ತದೆ.

ಆಮೇಲೆ ಫ್ಯುಯೆಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅಂತ. ಶಾರ್ಟ್ (ಈ ಕ್ಷಣದ್ದು) ಮತ್ತು ಲಾಂಗ್ (ಓಡುತ್ತಾ ಕಲಿತದ್ದು) ಎರಡನ್ನೂ ಕೂಡಿಸಿ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಂದು ಸಲ, 2,500 ಆರ್‌ಪಿಎಂನಲ್ಲಿ ಹಿಡಿದಿಟ್ಟು ಇನ್ನೊಂದು ಸಲ. ಎರಡೂ ಅಂಕಿ ಇಲ್ಲಿ ಹಾಕಿ.

ಮಳೆಹನಿ:
ನಡುವೆ ಒಂದು ಪ್ರಶ್ನೆ ಕೇಳುತ್ತೇನೆ, ಕ್ಷಮಿಸಿ. ನನ್ನ ಗಾಡಿಯಲ್ಲೂ ಇದೇ ಲೈಟ್ ಇದೆ. ಹೀಗೇ ಓಡಿಸಬಹುದಾ?

ಸ್ಪ್ಯಾನರ್:
ಮೇಡಂ, ಲೈಟ್ ಸುಮ್ನೆ ಒಂದೇ ಸಮ ಉರಿಯುತ್ತಿದ್ದು, ಟೆಂಪರೇಚರ್ ಮತ್ತು ಆಯಿಲ್ ಸರಿ ಇದ್ದರೆ, ಗ್ಯಾರೇಜ್ ತನಕ ನಿಧಾನವಾಗಿ ಓಡಿಸಬಹುದು. ಮಿಣುಕುತ್ತಿದ್ದರೆ ಬೇಡ. ಮಿಣುಕಿದರೆ ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ. ಆ ಬಿಸಿಗೆ ಒಳಗಿನ ಜೇನುಗೂಡಿನಂಥ ಭಾಗ ಕರಗಿಹೋಗಬಹುದು. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ.

ವೈರಿಂಗ್ ಮೇಷ್ಟ್ರು:
ಸ್ಪ್ಯಾನರ್ ಅವರ ಮಾತು ಒಪ್ಪುತ್ತೇನೆ. ಆದರೆ ಹಳೆ ಗಾಡಿ ಅಂದರೆ ನಾನು ಮೊದಲು ನೋಡುವುದು ವೈರು. ಸೆನ್ಸರ್ ಕನೆಕ್ಟರ್‌ನಲ್ಲಿ ಹಸಿರು ಕಿಲುಬು, ಸಡಿಲ ಅರ್ತ್, ಇಲಿ ಕಡಿದ ತಂತಿ. ಇವೆಲ್ಲ ಸೆನ್ಸರ್ ಸುಳ್ಳು ಹೇಳುವಂತೆ ಮಾಡುತ್ತವೆ. ಹತ್ತು ನಿಮಿಷದ ಕೆಲಸ. ಟಾರ್ಚ್ ಹಿಡಿದು ನೋಡಿದರೆ ಸಾಕು.

ಸ್ಪ್ಯಾನರ್:
ಮೇಷ್ಟ್ರೇ, ಖಂಡಿತ ನೋಡಬೇಕು. ಅಂಕಿ ಬರಲಿ, ವೈರಿನ ತೊಂದರೆಯೋ ಗಾಳಿಯ ತೊಂದರೆಯೋ ಅದರಲ್ಲೇ ಅರ್ಧ ಗೊತ್ತಾಗುತ್ತದೆ.

ಹಳೇಗಾಡಿ:
ಅಂಕಿ ತಂದಿದ್ದೇನೆ. ಪಿ0171ರ ಫ್ರೀಜ್ ಫ್ರೇಮ್: 720 ಆರ್‌ಪಿಎಂ, ವೇಗ 0, ಕೂಲೆಂಟ್ 84 ಡಿಗ್ರಿ. ಐಡ್ಲಿಂಗ್‌ನಲ್ಲಿ ಲಾಂಗ್ ಟ್ರಿಮ್ +22, ಶಾರ್ಟ್ +6. 2,500ರಲ್ಲಿ ಎರಡೂ ಸೇರಿ +5. ಮೇಷ್ಟ್ರು ಹೇಳಿದಂತೆ ಕನೆಕ್ಟರ್ ಬಿಚ್ಚಿ ನೋಡಿದೆ, ಸ್ವಚ್ಛವಾಗಿವೆ.

ಸ್ಪ್ಯಾನರ್:
ಅಣ್ಣ, ಇದಕ್ಕಿಂತ ಸ್ಪಷ್ಟವಾಗಿ ಗಾಡಿ ಮಾತಾಡೋದಿಲ್ಲ. ಐಡ್ಲಿಂಗ್‌ನಲ್ಲಿ +28, ರೇಸ್ ಕೊಟ್ಟಾಗ +5. ಕಂಪ್ಯೂಟರ್ ಶೇ. 28ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ, ಅದೂ ನಿಂತಾಗ ಮಾತ್ರ. ಎರಡೂ ಕಡೆ 10ರೊಳಗೆ ಇದ್ದಿದ್ದರೆ ನಾನು ಚಿಂತೆ ಮಾಡುತ್ತಿರಲಿಲ್ಲ.

ಥ್ರಾಟಲ್ ಮುಚ್ಚಿದ್ದಾಗ ಇಂಟೇಕ್ (ಎಂಜಿನ್‌ಗೆ ಗಾಳಿ ಹೋಗುವ ದಾರಿ) ಒಳಗೆ ಸೆಳೆತ ಜೋರಾಗಿರುತ್ತದೆ. ಎಲ್ಲೋ ಒಂದು ಬಿರುಕು ಇದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ಒಳಗೆ ನುಗ್ಗುತ್ತದೆ. ರೇಸ್ ಕೊಟ್ಟಾಗ ಒಟ್ಟು ಗಾಳಿಯೇ ಜಾಸ್ತಿ. ಅದರ ಮುಂದೆ ಬಿರುಕಿನ ಗಾಳಿ ಏನೂ ಅಲ್ಲ. ಅದಕ್ಕೇ ಟ್ರಿಮ್ ಇಳಿಯಿತು. ಪೆಟ್ರೋಲ್ ಪಂಪ್ ಸೋತಿದ್ದರೆ ಇದರ ಉಲ್ಟಾ ಕಾಣುತ್ತಿತ್ತು. ಎಂಜಿನ್ ಮೇಲೆ ಭಾರ ಬಿದ್ದಷ್ಟೂ ಟ್ರಿಮ್ ಏರುತ್ತಿತ್ತು. ಒಳಬರುವ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಕೊಳೆಯಾಗಿದ್ದರೂ ಸಾಮಾನ್ಯವಾಗಿ ಹಾಗೇ.

ಇಂಟೇಕ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಹೋಸ್, ಪಿಸಿವಿ ಹೋಸ್ (ಎಂಜಿನ್ ಒಳಗಿನ ಆವಿಯನ್ನು ಇಂಟೇಕ್‌ಗೆ ಒಯ್ಯುವುದು). ನನ್ನ ಅನುಮಾನ ಈ ಮೂರರ ಮೇಲೆ.

ದೂರದಾರಿ:
ಇದಕ್ಕೆ ಸುಲಭ ದಾರಿ ಇದೆ. ಕಾರ್ಬ್ ಕ್ಲೀನರ್ ತಗೊಂಡು ಎಂಜಿನ್ ಓಡುವಾಗ ಹೋಸ್‌ಗಳ ಮೇಲೆ ಸ್ಪ್ರೇ ಮಾಡಿ. ಎಲ್ಲಿ ಐಡ್ಲಿಂಗ್ ಬದಲಾಯಿತೋ ಅಲ್ಲೇ ಲೀಕ್.

ವೈರಿಂಗ್ ಮೇಷ್ಟ್ರು:
ಬೇಡ, ಬೇಡ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತದೆ. ಅದರ ಮೇಲೆ ಬಿದ್ದರೆ ಬೆಂಕಿ. ಹಳೆ ಗಾಡಿಯಲ್ಲಿ ಪ್ಲಗ್ ವೈರ್ ಕಿಡಿ ಹಾರಿಸುತ್ತಿದ್ದರೂ ಸಾಕು. ಮನೆಯ ಮುಂದೆ ಒಬ್ಬರೇ ನಿಂತು ಮಾಡುವ ಕೆಲಸ ಅಲ್ಲ.

ಸ್ಪ್ಯಾನರ್:
ಮೇಷ್ಟ್ರು ಹೇಳಿದ್ದೇ ಸರಿ. ಸ್ಮೋಕ್ ಟೆಸ್ಟ್ ಮಾಡಿಸಿ. ಎಂಜಿನ್ ಆಫ್ ಮಾಡಿ ಇಂಟೇಕ್ ಒಳಗೆ ಸಣ್ಣ ಒತ್ತಡದಲ್ಲಿ ಹೊಗೆ ಬಿಡುತ್ತಾರೆ. ಬಿರುಕು ಇದ್ದಲ್ಲಿ ಹೊಗೆ ಹೊರಗೆ ಬರುತ್ತದೆ. ಕೆಳಗಡೆ, ಕೈಗೂ ಕಣ್ಣಿಗೂ ಸಿಗದ ಜಾಗದಲ್ಲಿದ್ದರೂ ಬಿಡುವುದಿಲ್ಲ.

ದೂರದಾರಿ ಅವರೇ, ನಿಮ್ಮ ಗಾಡಿಯ ಬಗ್ಗೆ ಕೇಳಬೇಕು ಅಂತಿದ್ದೆ. ಹೊಸ ಕನ್ವರ್ಟರ್ ಈಗ ಹೇಗಿದೆ?

ದೂರದಾರಿ:
ಮುಚ್ಚಿಡೋದೇನಿಲ್ಲ. ಒಂದೂವರೆ ವರ್ಷಕ್ಕೆ ಪಿ0420 ಮತ್ತೆ ಬಂತು. ಆಗ ಬೇರೆ ಮೆಕ್ಯಾನಿಕ್ ನೋಡಿದರು. ಎಂಜಿನ್ ಆಯಿಲ್ ತಿನ್ನುತ್ತಿತ್ತು. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಹಾಕುತ್ತಿದ್ದೆ, ಹಳೆ ಗಾಡಿ ಅಂದಮೇಲೆ ಇದೆಲ್ಲ ಮಾಮೂಲಿ ಅಂದುಕೊಂಡಿದ್ದೆ. ಆ ಆಯಿಲ್ ಎರಡು ಕನ್ವರ್ಟರನ್ನೂ ಹಾಳು ಮಾಡಿತ್ತು.

ಆದರೂ ನನ್ನ ಮಾತು ಪೂರ್ತಿ ಬಿಡುವುದಿಲ್ಲ. ಬಿರುಕು ಸರಿ ಮಾಡಿದರೆ ಪಿ0171 ಹೋಗುತ್ತದೆ, ಒಪ್ಪಿದೆ. ಪಿ0420 ಹೋಗುತ್ತದೆ ಅನ್ನೋದಕ್ಕೆ ಏನು ಆಧಾರ? 2 ಲಕ್ಷ ಓಡಿದ ಕನ್ವರ್ಟರ್ ನಿಜವಾಗಿಯೂ ಸೋತಿರಬಹುದಲ್ವಾ?

ಸ್ಪ್ಯಾನರ್:
ಇರಬಹುದು. ಅದನ್ನೂ ಅಳೆದೇ ನೋಡೋಣ. ಮಿಶ್ರಣ ಸರಿಯಾದ ಮೇಲೆ, ಎಂಜಿನ್ ಚೆನ್ನಾಗಿ ಬಿಸಿಯಾದಾಗ, 2,500ರಲ್ಲಿ ಕನ್ವರ್ಟರ್ ಆಚೆ ಇರುವ ಹಿಂದಿನ ಆಕ್ಸಿಜನ್ ಸೆನ್ಸರ್ ನೋಡಬೇಕು. 0.6ರಿಂದ 0.7 ವೋಲ್ಟ್ ಹತ್ತಿರ ನೆಟ್ಟಗೆ ನಿಂತರೆ ಕನ್ವರ್ಟರ್ ಕೆಲಸ ಮಾಡುತ್ತಿದೆ. ಮುಂದಿನ ಸೆನ್ಸರ್ ಥರ ಅದೂ 0.1ರಿಂದ 0.9ರ ನಡುವೆ ಪಟಪಟ ಹಾರಿದರೆ ನಿಮ್ಮ ಮಾತೇ ಸರಿ, ಬದಲಿಸಲಿ. ಅದಕ್ಕೂ ಮೊದಲು ಎಕ್ಸಾಸ್ಟ್ ಪೈಪಿನಲ್ಲಿ ಲೀಕ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಸೆನ್ಸರ್ ಹತ್ತಿರ ಹೊರಗಿನ ಗಾಳಿ ನುಗ್ಗಿದರೂ ಸುಳ್ಳು ಅಂಕಿ ಬರುತ್ತದೆ.

ಹಳೇಗಾಡಿ:
ಸಿಕ್ಕಿತು! ಸ್ಮೋಕ್ ಟೆಸ್ಟ್ ಶುರು ಮಾಡಿ ಎರಡು ನಿಮಿಷವೂ ಆಗಿರಲಿಲ್ಲ, ಇಂಟೇಕ್ ಕೆಳಗಿನಿಂದ ಹೊಗೆ ಬಂತು. ಪಿಸಿವಿ ಹೋಸ್ ಬಾಗುವ ಜಾಗದಲ್ಲಿ ರಬ್ಬರ್ ಒಣಗಿ ಸೀಳಿದೆ. ಮೇಲಿನಿಂದ ನೋಡಿದರೆ ಹೊಸದರಂತೆ ಕಾಣುತ್ತದೆ, ಸೀಳಿರುವುದು ತಳಭಾಗದಲ್ಲಿ. ಎಂಟು ತಿಂಗಳು ಎಷ್ಟು ಜನ ಬಾನೆಟ್ ಎತ್ತಿ ನೋಡಿದ್ದಾರೆ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೋಸ್ ಜೊತೆಗೆ ಪಿಸಿವಿ ವಾಲ್ವನ್ನೂ ಬದಲಿಸಿದೆವು. ಐಡ್ಲಿಂಗ್‌ನಲ್ಲಿ ಈಗ ಟ್ರಿಮ್ ಎರಡೂ ಸೇರಿ +3. ಬೆಳಗಿನ ನಡುಕ ನಿಂತಿದೆ. ಕೋಡ್ ಅಳಿಸಿ ನಾಲ್ಕು ದಿನ ಆಯಿತು, ಲೈಟ್ ಬಂದಿಲ್ಲ.

ದೂರದಾರಿ:
ತುಂಬಾ ಖುಷಿಯಾಯಿತು. ಆದರೆ ಹಿಂದಿನ ಸೆನ್ಸರ್ ಎಷ್ಟು ತೋರಿಸುತ್ತಿದೆ?

ಸ್ಪ್ಯಾನರ್:
ಒಳ್ಳೆಯ ಪ್ರಶ್ನೆ. ಲೈಟ್ ಬಂದಿಲ್ಲ ಅನ್ನೋದೊಂದೇ ಸಾಲದು. ಕೋಡ್ ಅಳಿಸಿದಾಗ ಕಂಪ್ಯೂಟರಿನ ಸ್ವಂತ ಪರೀಕ್ಷೆಗಳೂ ಮೊದಲಿನಿಂದ ಶುರುವಾಗುತ್ತವೆ. ಕ್ಯಾಟಲಿಸ್ಟ್ ಪರೀಕ್ಷೆ ಮುಗಿಯಬೇಕಾದರೆ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಪಿ0420ಗೆ ಸಾಮಾನ್ಯವಾಗಿ ಎರಡು ಟ್ರಿಪ್‌ನಲ್ಲಿ ತಪ್ಪು ಕಂಡ ಮೇಲೆಯೇ ಲೈಟ್ ಹತ್ತುವುದು. ಸ್ಕ್ಯಾನರ್‌ನಲ್ಲಿ 'ರೆಡಿನೆಸ್' ಪುಟ ತೆಗೆದು ಕ್ಯಾಟಲಿಸ್ಟ್ ಮುಂದೆ ಏನಿದೆ ನೋಡಿ. ಬ್ಯಾಟರಿ ಮಾತ್ರ ಬಿಚ್ಚಬೇಡಿ, ಎಲ್ಲ ಮತ್ತೆ ಮೊದಲಿಗೆ ಹೋಗುತ್ತದೆ.

ಹಳೇಗಾಡಿ:
ನೋಡಿದೆ, ಇನ್ನೂ 'ಅಪೂರ್ಣ' ಅಂತ ಇತ್ತು. ನಿನ್ನೆ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಒಂದೇ ವೇಗದಲ್ಲಿ ಓಡಿಸಿದೆ. ಇವತ್ತು ಇನ್ನೊಂದು ಸಲ ಹೋಗಿ ಬಂದೆ. ಕ್ಯಾಟಲಿಸ್ಟ್ ಪರೀಕ್ಷೆ ಪೂರ್ತಿಯಾಗಿದೆ, ಪೆಂಡಿಂಗ್ ಕೋಡ್ ಕೂಡ ಇಲ್ಲ. ಹಿಂದಿನ ಸೆನ್ಸರ್ 2,500ರಲ್ಲಿ 0.68ರ ಆಸುಪಾಸಿನಲ್ಲಿದೆ, ಆಗೊಮ್ಮೆ ಈಗೊಮ್ಮೆ 0.6ಕ್ಕೆ ಇಳಿಯುತ್ತದೆ.

ದೂರದಾರಿ:
ಹಾಗಾದರೆ ಕನ್ವರ್ಟರ್ ಬೇಡ. ನಾನೇ ಮೊದಲು ಹಾಕಿಸಿ ಅಂದಿದ್ದೆ, ಆ ಮಾತು ವಾಪಸ್ ತಗೊಳ್ಳುತ್ತೇನೆ. ಆಯಿಲ್ ಮಟ್ಟ ಮಾತ್ರ ಪ್ರತಿ ವಾರ ನೋಡುತ್ತಿರಿ.

ಮಳೆಹನಿ:
ನನ್ನ ಗಾಡಿಯ ಟ್ರಿಮ್ ಇವತ್ತು ನೋಡಿದೆ. ಐಡ್ಲಿಂಗ್‌ನಲ್ಲಿ +4, 2,500ರಲ್ಲಿ +19. ಸ್ಪ್ಯಾನರ್ ಅಣ್ಣ, ಇದು ನೀವು ಹೇಳಿದ ಉಲ್ಟಾ ಲೆಕ್ಕ ಅಲ್ವಾ?

ಸ್ಪ್ಯಾನರ್:
ಹೌದು ಮೇಡಂ, ಅದೇ. ಮೊದಲು ಮಾಸ್ ಏರ್ ಫ್ಲೋ ಸೆನ್ಸರನ್ನು ಅದಕ್ಕೆಂದೇ ಸಿಗುವ ಕ್ಲೀನರ್‌ನಿಂದ ತೊಳೆಯಿರಿ. ಬ್ರೇಕ್ ಕ್ಲೀನರ್ ಬೇಡ, ಬಟ್ಟೆ ತಾಗಿಸಬೇಡಿ, ಪೂರ್ತಿ ಒಣಗಿದ ಮೇಲೆ ಹಾಕಿ. ಆಮೇಲೂ ಅಷ್ಟೇ ಇದ್ದರೆ ಪೆಟ್ರೋಲ್ ಪ್ರೆಷರ್ ಗೇಜ್ ಹಾಕಿಸಿ ನೋಡಿ. ಫ್ರೀಜ್ ಫ್ರೇಮ್ ಇನ್ನೂ ಇದೆಯಾ, ಅಳಿಸಿಬಿಟ್ಟಿರಾ?