ವಿಯೆಟ್ನಾಂಗೆ ಹರಿಯುವ ಬಂಡವಾಳದಲ್ಲಿ ಅಲ್ಲೇ ಉಳಿಯುವುದೆಷ್ಟು?

ಸುಧೀಂದ್ರ:
ಷೇರು ಸೂಚ್ಯಂಕ ಮಾಡುವ ಎಫ್‌ಟಿಎಸ್‌ಇ ರಸೆಲ್ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ವಿಯೆಟ್ನಾಂ ಷೇರುಪೇಟೆಯನ್ನು 'ಫ್ರಾಂಟಿಯರ್' (ಇನ್ನೂ ಸಣ್ಣ, ಅಪಾಯ ಜಾಸ್ತಿಯ ಪೇಟೆ) ಪಟ್ಟಿಯಿಂದ 'ಎಮರ್ಜಿಂಗ್' (ಬೆಳೆಯುತ್ತಿರುವ ಪೇಟೆ) ಪಟ್ಟಿಗೆ ಏರಿಸುವುದಾಗಿ ಹೇಳಿತು. ಜಾರಿ 2026ರ ಸೆಪ್ಟೆಂಬರ್‌ನಿಂದ. ಇದು ಬರೀ ಪಟ್ಟಿ ಬದಲಾವಣೆ ಅಂತ ನನಗೆ ಅನಿಸುವುದಿಲ್ಲ. 1986ರಲ್ಲಿ ಆ ದೇಶದಲ್ಲಿ ಬೆಲೆ ಏರಿಕೆ ಶೇ. 700 ದಾಟಿತ್ತು. ಆ ವರ್ಷದ ಕೊನೆಗೆ ಮಾರುಕಟ್ಟೆಗೆ ಬಾಗಿಲು ತೆರೆಯುವ 'ಡೊಯ್ ಮೊಯ್' ಸುಧಾರಣೆ ತಂದರು, ಮರುವರ್ಷವೇ ವಿದೇಶಿ ಹೂಡಿಕೆ ಕಾಯ್ದೆ ಮಾಡಿದರು. ಯುದ್ಧ ಮಾಡಿದ್ದ ಅಮೆರಿಕದ ಜೊತೆ 1995ರಲ್ಲಿ ಸಂಬಂಧ ಸರಿಮಾಡಿಕೊಂಡರು. 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದರು. 2024ರಲ್ಲಿ ಬೆಳವಣಿಗೆ ಶೇ. 7.09, 2025ರಲ್ಲಿ ಶೇ. 8ರಷ್ಟು. ಹತ್ತಿರದ ಥಾಯ್ಲೆಂಡ್ ಶೇ. 2.5ರ ಆಸುಪಾಸಿನಲ್ಲೇ ಒದ್ದಾಡುತ್ತಿದೆ. 2024ರಲ್ಲಿ ಬರೀ ಕಾಗದದ ಮೇಲಲ್ಲ, ನಿಜವಾಗಿ ಬಂದು ಸೇರಿದ ವಿದೇಶಿ ಬಂಡವಾಳವೇ 2,500 ಕೋಟಿ ಡಾಲರ್ ದಾಟಿತು.

ನನ್ನ ಮಟ್ಟಿಗೆ, ಮುಂದಿನ ಹತ್ತು ವರ್ಷಕ್ಕೆ ಆಗ್ನೇಯ ಏಷ್ಯಾದಲ್ಲಿ ದುಡ್ಡು ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಪ್ಪದವರು ಕಾರಣ ಹೇಳಿ, ನಿಜವಾಗಿ ತಿಳಿದುಕೊಳ್ಳಬೇಕು ಅಂತಲೇ ಕೇಳುತ್ತಿದ್ದೇನೆ.

ನಾಗರಾಜ್, ಪೀಣ್ಯ:
ಅರ್ಧ ಒಪ್ಪುತ್ತೇನೆ ಸುಧೀಂದ್ರ ಅವರೇ. ನಮ್ಮದು ಮೋಲ್ಡ್ ಮತ್ತು ಡೈ, ಅಂದರೆ ಬಿಡಿಭಾಗ ತಯಾರಿಸುವ ಅಚ್ಚುಗಳನ್ನು ಮಾಡುವ ಸಣ್ಣ ಟೂಲ್ ರೂಂ. ಆರ್ಡರ್ ಹುಡುಕಿಕೊಂಡು ಹನೋಯ್ ಪಕ್ಕದ ಬಾಕ್ ನಿನ್ ಕಡೆ ಹೋಗಿದ್ದೇನೆ. ಸ್ಯಾಮ್ಸಂಗ್ 2009ರಲ್ಲಿ ಅಲ್ಲಿ ಫೋನ್ ಮಾಡಲು ಶುರು ಮಾಡಿತು, ಆಮೇಲೆ ಥಾಯ್ ಙುಯೆನ್‌ನಲ್ಲಿ ಇನ್ನೊಂದು ಕಾರ್ಖಾನೆ ಹಾಕಿತು. ಆ ಒಂದೇ ಕಂಪನಿ ದೇಶದಲ್ಲಿ ಹಾಕಿರುವ ಬಂಡವಾಳ 2,200 ಕೋಟಿ ಡಾಲರ್‌ಗೂ ಜಾಸ್ತಿ. ದೇಶದ ಒಟ್ಟು ರಫ್ತಿನಲ್ಲಿ ಏಳರಲ್ಲಿ ಒಂದು ಪಾಲಿನಷ್ಟು ಅದರದ್ದೇ.

ಕೂಲಿ ಕಡಿಮೆ ಅಂತ ಮಾತ್ರ ಇವರೆಲ್ಲ ಹೋಗಿಲ್ಲ. ಚೀನಾ ಗಡಿ ಹತ್ತಿರ. ಶೆನ್‌ಜೆನ್ ಕಡೆಯಿಂದ ಬಿಡಿಭಾಗ ಲಾರಿಯಲ್ಲೇ ಬರುತ್ತವೆ. ಮಾಲು ಹೊರಡಲು ಹಾಯ್‌ಫಾಂಗ್‌ನಲ್ಲಿ ಲಾಕ್ ಹುಯೆನ್ ಬಂದರು ಇದೆ, ದಕ್ಷಿಣದಲ್ಲಿ ಕಾಯ್ ಮೆಪ್ ಇದೆ. ಯುರೋಪಿನ ಜೊತೆ 2020ರಿಂದ ಮುಕ್ತ ವ್ಯಾಪಾರ ಒಪ್ಪಂದ ಇದೆ, ಹಲವು ದೇಶಗಳು ಒಟ್ಟಾಗಿ ಮಾಡಿಕೊಂಡ ಸಿಪಿಟಿಪಿಪಿ, ಆರ್‌ಸಿಇಪಿ ವ್ಯಾಪಾರ ಒಪ್ಪಂದಗಳೂ ಇವೆ. ಜಾಗ, ಕರೆಂಟು, ತೆರಿಗೆ ರಿಯಾಯಿತಿ ಎಲ್ಲ ಕೈಗಾರಿಕಾ ಪ್ರದೇಶದ ಒಂದೇ ಕಚೇರಿಯಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಒಂದು ಶೆಡ್‌ಗೆ ಅನುಮತಿ ಪಡೆಯಲು ಅಲೆದವರಿಗೆ ಅದರ ಬೆಲೆ ಗೊತ್ತು.

ಆದರೆ ನಾನು ಅಲ್ಲಿ ಹುಡುಕಿದ್ದು ನನ್ನಂಥವರನ್ನು. ಅಂದರೆ ವಿಯೆಟ್ನಾಂನವರೇ ನಡೆಸುವ ಸಣ್ಣ ಟೂಲ್ ರೂಂಗಳನ್ನು. ಸಿಕ್ಕಿದ್ದು ಬಹಳ ಕಡಿಮೆ. ದೊಡ್ಡ ಕಂಪನಿಗೆ ಮಾಲು ಕೊಡುವವರು ಕೊರಿಯಾದವರು. ಅವರಿಗೆ ಕೊಡುವವರು ಚೀನಾದವರು. ಸ್ಥಳೀಯರ ಕೈಗೆ ಬರುವುದು ಪ್ಯಾಕಿಂಗ್, ಪ್ರಿಂಟಿಂಗ್, ಕ್ಯಾಂಟೀನ್, ಸೆಕ್ಯೂರಿಟಿ. ರಫ್ತಿನಲ್ಲಿ ಶೇ. 70ಕ್ಕಿಂತ ಜಾಸ್ತಿ ವಿದೇಶಿ ಕಂಪನಿಗಳದ್ದೇ ಅನ್ನುವ ಲೆಕ್ಕ ಸುಮ್ನೆ ಬಂದದ್ದಲ್ಲ.

ಶೈಲಜಾ:
ಷೇರುಪೇಟೆಯ ಪಟ್ಟಿಯನ್ನೂ ಕಾರ್ಖಾನೆಗೆ ಬರುವ ಬಂಡವಾಳವನ್ನೂ ಬೇರೆ ಬೇರೆ ಇಡಬೇಕು. ಕಾರ್ಖಾನೆಗೆ ಹಣ ಬರುತ್ತಿದ್ದ ಅದೇ 2024ರಲ್ಲಿ, ಹೋ ಚಿ ಮಿನ್ ಸಿಟಿ ಷೇರುಪೇಟೆಯಲ್ಲಿ ವಿದೇಶಿಯರು ಕೊಂಡದ್ದಕ್ಕಿಂತ ಮಾರಿದ್ದೇ ಜಾಸ್ತಿ. ಪಟ್ಟಿ ಏರಿದ್ದಕ್ಕೆ ಒಂದು ದೊಡ್ಡ ಕಾರಣ ಬಹಳ ಸಣ್ಣದು: ವಿದೇಶಿ ಸಂಸ್ಥೆಗಳು ಷೇರು ಕೊಳ್ಳುವ ಮುಂಚೆಯೇ ಪೂರ್ತಿ ಹಣ ಖಾತೆಯಲ್ಲಿ ಇಡಬೇಕು ಅನ್ನುವ ನಿಯಮವನ್ನು 2024ರ ನವೆಂಬರ್‌ನಲ್ಲಿ ತೆಗೆದರು. ಒಳ್ಳೆಯದೇ. ಆದರೆ ಬಹುಪಾಲು ಬ್ಯಾಂಕುಗಳಲ್ಲಿ ವಿದೇಶಿ ಪಾಲಿಗೆ ಶೇ. 30ರ ಮಿತಿ ಹಾಗೇ ಇದೆ. ಇನ್ನೊಂದು ದೊಡ್ಡ ಸೂಚ್ಯಂಕ ಸಂಸ್ಥೆ ಎಂಎಸ್‌ಸಿಐ ಪಟ್ಟಿಯಲ್ಲಿ ಇನ್ನೂ ಫ್ರಾಂಟಿಯರ್ ದೇಶವೇ.

ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ಹೋ ಚಿ ಮಿನ್ ಸಿಟಿಯಲ್ಲಿ ಕೆಲವು ಕಾಲ ಇದ್ದೆ. ಎಸ್‌ಸಿಬಿ (ಸೈಗಾನ್ ಕಮರ್ಷಿಯಲ್ ಬ್ಯಾಂಕ್) ಕಥೆ ಮರೆತು ಅಲ್ಲಿನ ಹೂಡಿಕೆ ಬಗ್ಗೆ ಮಾತಾಡಲು ನನಗೆ ಆಗುವುದಿಲ್ಲ. ಕಾನೂನಿನ ಪ್ರಕಾರ ಒಬ್ಬರು ಒಂದು ಬ್ಯಾಂಕಿನಲ್ಲಿ ಶೇ. 5ಕ್ಕಿಂತ ಜಾಸ್ತಿ ಪಾಲು ಇಟ್ಟುಕೊಳ್ಳುವಂತಿರಲಿಲ್ಲ. ವಾನ್ ಥಿನ್ ಫಾಟ್ ರಿಯಲ್ ಎಸ್ಟೇಟ್ ಸಮೂಹದ ಒಡತಿ ಚ್ಯುವಾಂಗ್ ಮಿ ಲಾನ್ ಬೇರೆಯವರ ಹೆಸರಿನಲ್ಲಿ ಶೇ. 90ಕ್ಕೂ ಜಾಸ್ತಿ ಇಟ್ಟುಕೊಂಡಿದ್ದರು. ಕೋರ್ಟ್ ಲೆಕ್ಕದಲ್ಲಿ ಕಬಳಿಸಿದ ಹಣ ಸುಮಾರು 1,250 ಕೋಟಿ ಡಾಲರ್. ಇದೆಲ್ಲ ವರ್ಷಗಟ್ಟಲೆ ನಡೆಯಿತು. ಲೆಕ್ಕ ಪರಿಶೋಧಕರು ಸಹಿ ಹಾಕಿದ್ದರು, ಮೇಲ್ವಿಚಾರಣೆಗೆ ಬಂದ ಅಧಿಕಾರಿಗಳು ಲಂಚ ತಗೊಂಡಿದ್ದರು. 2022ರ ಅಕ್ಟೋಬರ್‌ನಲ್ಲಿ ಸಾಮಾನ್ಯ ಜನ ಬ್ಯಾಂಕಿನ ಮುಂದೆ ಸಾಲು ನಿಂತು ಠೇವಣಿ ವಾಪಸ್ ಕೇಳಿದರು. ಇಂಥ ಕಡೆ ಒಂದು ಕಂಪನಿಯ ಬ್ಯಾಲೆನ್ಸ್ ಶೀಟ್ ನಂಬಿ ಷೇರು ಕೊಳ್ಳುವುದು ಹೇಗೆ?

ಸುಧೀಂದ್ರ:
ಆದರೆ ಶೈಲಜಾ ಮೇಡಂ, ಆಕೆಗೆ 2024ರ ಏಪ್ರಿಲ್‌ನಲ್ಲಿ ಮರಣದಂಡನೆ ವಿಧಿಸಿದರಲ್ಲ. ಮರುವರ್ಷ ಆ ಅಪರಾಧಕ್ಕೆ ಮರಣದಂಡನೆಯನ್ನೇ ಕಾನೂನಿನಿಂದ ತೆಗೆದರು, ಅದು ಬೇರೆ ಮಾತು. ದೊಡ್ಡವರನ್ನೂ ಬಿಡುವುದಿಲ್ಲ ಅಂತ ತೋರಿಸಿದ್ದು ಹೂಡಿಕೆದಾರರಿಗೆ ಧೈರ್ಯ ಕೊಡುವ ವಿಷಯ ಅಲ್ವಾ?

ಶೈಲಜಾ:
ಧೈರ್ಯದ ಜೊತೆ ಭಯವೂ ಬಂತು. ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರಾಗಿದ್ದ ನ್ಗುಯೆನ್ ಫು ಚೊಂಗ್ ನಡೆಸಿದ ಆ ಭ್ರಷ್ಟಾಚಾರ ವಿರೋಧಿ ಅಭಿಯಾನದಲ್ಲಿ 2023ರ ಜನವರಿಯಲ್ಲಿ ಒಬ್ಬ ರಾಷ್ಟ್ರಪತಿ ಹೋದರು, 2024ರ ಮಾರ್ಚ್‌ನಲ್ಲಿ ಇನ್ನೊಬ್ಬರು ಹೋದರು. ಕೆಳಗಿನ ಅಧಿಕಾರಿ ಏನು ಮಾಡುತ್ತಾನೆ ಹೇಳಿ? ಫೈಲಿಗೆ ಸಹಿ ಹಾಕುವುದನ್ನೇ ನಿಲ್ಲಿಸುತ್ತಾನೆ. ಸಹಿ ಹಾಕಿದರೆ ನಾಳೆ ಕೇಸು, ಹಾಕದಿದ್ದರೆ ಏನೂ ಇಲ್ಲ. ಬಜೆಟ್ಟಿನಲ್ಲಿ ಇಟ್ಟ ಸರ್ಕಾರಿ ಕಾಮಗಾರಿಯ ಹಣ ಖರ್ಚಾಗದೆ ಉಳಿಯಿತು, ಮನೆ ಕಟ್ಟುವ ಯೋಜನೆಗಳು ಭೂಮಿ ಪತ್ರಕ್ಕಾಗಿ ಕಾದು ಕೂತವು. ಚೊಂಗ್ 2024ರ ಜುಲೈನಲ್ಲಿ ತೀರಿಕೊಂಡ ಮೇಲೆ ಬಂದ ತೊ ಲಾಮ್ ಈ ಜಡತೆ ಒಡೆಯಲೆಂದೇ 2025ರ ಜುಲೈ 1ರಿಂದ 63 ಪ್ರಾಂತ್ಯಗಳನ್ನು 34 ಮಾಡಿದರು. ಜಿಲ್ಲಾ ಆಡಳಿತ ಅನ್ನುವುದನ್ನೇ ತೆಗೆದುಹಾಕಿದರು.

ವೇಗ ನೋಡಿ ನನಗೂ ಬೆರಗಾಗುತ್ತದೆ. ಆದರೆ ಒಂದು ರಾತ್ರಿಯಲ್ಲಿ ಜಿಲ್ಲೆಗಳನ್ನೇ ಅಳಿಸಬಲ್ಲ ವ್ಯವಸ್ಥೆ, ನಿಮ್ಮ ಗುತ್ತಿಗೆಯ ಷರತ್ತನ್ನೂ ಅದೇ ವೇಗದಲ್ಲಿ ಬದಲಾಯಿಸಬಲ್ಲದು.

ಪೂವಯ್ಯ, ಕೊಡಗು:
ನಾನು ಕಾಫಿ, ಕರಿಮೆಣಸು ಬೆಳೆಯುವವನು. ವಿಯೆಟ್ನಾಂ ಹೆಸರು ನಮ್ಮಲ್ಲಿ ದಿನಾ ಕೇಳುತ್ತದೆ. ಅಮೆರಿಕ ಈಗ ವಿಯೆಟ್ನಾಂ ಮೇಲೆ ಹೊರಿಸುತ್ತಿರುವ ಆರೋಪ ಏನು? ಚೀನಾದ ಮಾಲಿಗೆ ವಿಯೆಟ್ನಾಂ ಚೀಟಿ ಅಂಟಿಸಿ ಕಳಿಸುತ್ತಾರೆ ಅಂತ. ಕೊಡಗಿನವರಿಗೆ ಇದು ಹೊಸದಲ್ಲ. ವಿಯೆಟ್ನಾಂ ಮೆಣಸು ಶ್ರೀಲಂಕಾಕ್ಕೆ ಹೋಗಿ, ಅಲ್ಲಿನ ಮೂಲ ಪ್ರಮಾಣಪತ್ರ ಹಿಡಿದು, ಕಡಿಮೆ ಸುಂಕದಲ್ಲಿ ನಮ್ಮ ದೇಶಕ್ಕೆ ಬರುತ್ತಿತ್ತು. ನಮ್ಮ ಮೆಣಸಿನ ಬೆಲೆ ಕುಸಿಯಿತು. ಬೆಳೆಗಾರರು ಕೂಗಿ ಕೂಗಿ, ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಹಾಕಿತು. ಆಮೇಲೂ ದಾರಿ ಹುಡುಕುವವರು ಹುಡುಕುತ್ತಲೇ ಇದ್ದರು.

ಅದಕ್ಕೇ ಹೇಳುತ್ತೇನೆ. ಮಾಲು ಎಲ್ಲಿ ಹುಟ್ಟಿತು ಅನ್ನುವ ಕಾಗದದ ಮೇಲೆ ನಿಂತ ವ್ಯಾಪಾರವನ್ನು ನಂಬಿ ಹತ್ತು ವರ್ಷದ ಲೆಕ್ಕ ಹಾಕಬೇಡಿ.

ನಾಗರಾಜ್, ಪೀಣ್ಯ:
ಪೂವಯ್ಯ ಸರ್ ಸರಿಯಾದ ಜಾಗಕ್ಕೆ ಕೈ ಇಟ್ಟರು. 2025ರ ಏಪ್ರಿಲ್ 2ರಂದು ಟ್ರಂಪ್ ವಿಯೆಟ್ನಾಂ ಮೇಲೆ ಶೇ. 46 ಸುಂಕ ಘೋಷಿಸಿದರು. ಜುಲೈನಲ್ಲಿ ಮಾತುಕತೆಯಾಗಿ ಶೇ. 20ಕ್ಕೆ ಇಳಿಯಿತು. ಆದರೆ ಬೇರೆ ದೇಶದ ಮಾಲು ಸುಮ್ನೆ ವಿಯೆಟ್ನಾಂ ಮೂಲಕ ಹಾದು ಬಂದರೆ ಶೇ. 40 ಅಂತ ಆಗ ಹೇಳಿದರು. ಹಾದು ಬರುವುದು ಅಂದರೆ ಏನು? ಶೇ. 60 ಬಿಡಿಭಾಗ ಚೀನಾದ್ದು, ಜೋಡಣೆ ಬಾಕ್ ನಿನ್‌ನಲ್ಲಿ ಅಂದರೆ ಅದು ಯಾರ ಮಾಲು? ಒಪ್ಪಂದ ಘೋಷಣೆಯಾದಾಗ ಇದಕ್ಕೆ ಸ್ಪಷ್ಟ ಗೆರೆಯನ್ನೇ ಎಳೆದಿರಲಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸಲಿಲ್ಲ. ಸ್ಮಾರ್ಟ್‌ಫೋನ್, ಕಂಪ್ಯೂಟರ್‌ಗಳನ್ನು ಏಪ್ರಿಲ್‌ನಲ್ಲೇ ಆ ಸುಂಕದಿಂದ ಹೊರಗಿಟ್ಟರು. ಹಾಗಾಗಿ ಉತ್ತರದ ಫೋನ್ ಕಾರ್ಖಾನೆಗಳಿಗೆ ಉಸಿರು ಬಂತು. ಏಟು ಬಿದ್ದದ್ದು ದಕ್ಷಿಣದ ಬಟ್ಟೆ, ಶೂ, ಪೀಠೋಪಕರಣದವರಿಗೆ. ನೈಕಿ ಕಂಪನಿಯ ಶೂಗಳಲ್ಲಿ ಸುಮಾರು ಅರ್ಧ ವಿಯೆಟ್ನಾಂನಲ್ಲೇ ತಯಾರಾಗುವುದು. ಆ ಕೆಲಸದಲ್ಲಿ ಇರುವವರು ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು. ಕಾರ್ಖಾನೆ ಆರ್ಡರ್ ಕಡಿಮೆಯಾದರೆ ಮೊದಲು ಕಳೆದುಕೊಳ್ಳುವುದು ಅವರ ಓವರ್‌ಟೈಮ್. ತಿಂಗಳಿಗೆ 49.6 ಲಕ್ಷ ಡಾಂಗ್, ಅಂದರೆ 200 ಡಾಲರ್‌ಗಿಂತ ಸ್ವಲ್ಪ ಕಡಿಮೆ, ಅದು 2024ರ ಜುಲೈನಲ್ಲಿ ದೊಡ್ಡ ನಗರಗಳಿಗೆ ನಿಗದಿಯಾದ ಕನಿಷ್ಠ ಕೂಲಿ. ಓವರ್‌ಟೈಮ್ ಇಲ್ಲದೆ ಅದರಲ್ಲಿ ಬದುಕುವುದು ಕಷ್ಟ.

ಅಶ್ವಿನಿ:
ಕರೆಂಟು ಕೈಕೊಡುವ ಮಾತನ್ನು ಯಾರೂ ಎತ್ತಲಿಲ್ಲ! 2023ರ ಮೇ-ಜೂನ್‌ನಲ್ಲಿ ಉತ್ತರ ವಿಯೆಟ್ನಾಂ ಕತ್ತಲಲ್ಲಿ ಕೂತಿತ್ತು. ಬಿಸಿಗಾಳಿಗೆ ಜಲಾಶಯಗಳು ಬತ್ತಿದವು. ಬಾಕ್ ನಿನ್, ಬಾಕ್ ಜಿಯಾಂಗ್ ಕೈಗಾರಿಕಾ ಪ್ರದೇಶಗಳಲ್ಲಿ ಹೇಳದೆ ಕೇಳದೆ ಕರೆಂಟು ಹೋಯಿತು. ವಿಶ್ವಬ್ಯಾಂಕ್ ಅಂದಾಜಿನಲ್ಲಿ ನಷ್ಟ 140 ಕೋಟಿ ಡಾಲರ್. ಬೇಸರದ ಸಂಗತಿ ಏನೆಂದರೆ ಅದೇ ಹೊತ್ತಿಗೆ ದೇಶದ ಮಧ್ಯ ಮತ್ತು ದಕ್ಷಿಣ ಭಾಗದಲ್ಲಿ ಸೋಲಾರ್ ವಿದ್ಯುತ್ ಹೇರಳವಾಗಿತ್ತು. 2017ರಲ್ಲಿ ಯುನಿಟ್ಟಿಗೆ 9.35 ಸೆಂಟ್ ಕೊಡುತ್ತೇವೆ ಅಂದಾಗ ಎಲ್ಲರೂ ಮುಗಿಬಿದ್ದು ಹಾಕಿದ್ದರು. 2020ರ ಕೊನೆಗೆ 16,000 ಮೆಗಾವ್ಯಾಟ್ ದಾಟಿತ್ತು. ಅದನ್ನು ಉತ್ತರಕ್ಕೆ ಸಾಗಿಸುವ ಲೈನ್ ಸಾಲಲಿಲ್ಲ.

ಸುಧೀಂದ್ರ:
ಅದಕ್ಕೆ ಉತ್ತರವನ್ನೂ ಅವರೇ ಕೊಟ್ಟರು. ಕ್ವಾಂಗ್ ಚಾಕ್‌ನಿಂದ ಫೊ ನೊಯ್‌ವರೆಗೆ 500 ಕೆವಿ ಲೈನ್, 519 ಕಿಲೋಮೀಟರ್. 2024ರ ಶುರುವಿನಲ್ಲಿ ಕೆಲಸ ಬಿರುಸಾಗಿ ಎತ್ತಿಕೊಂಡು ಆಗಸ್ಟ್‌ನಲ್ಲಿ ಮುಗಿಸಿದರು. ಇಂಥ ವೇಗ ಬೇರೆ ಎಲ್ಲಿ ನೋಡಿದ್ದೀರಿ? ಸಮಸ್ಯೆ ಎಲ್ಲ ದೇಶಕ್ಕೂ ಬರುತ್ತದೆ. ಅದನ್ನು ಎಷ್ಟು ಬೇಗ ಸರಿಮಾಡುತ್ತಾರೆ ಅನ್ನುವುದನ್ನು ನೋಡಿ ನಾನು ಅಳೆಯುತ್ತೇನೆ.

ಅಶ್ವಿನಿ:
ಲೈನ್ ಎಳೆದದ್ದು ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೋಲಾರ್‌ಗೆ ದುಡ್ಡು ಹಾಕಿದವರಿಗೆ ಏನಾಯಿತು ಅಂತ ಕೇಳಿ. ಎಷ್ಟೋ ಯೋಜನೆಗಳಿಗೆ ಆ ಕಾಲದಲ್ಲಿ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಇರಲಿಲ್ಲ ಎಂದು ವರ್ಷಗಳ ನಂತರ ತಕರಾರು ತೆಗೆದರು. ಮಾತು ಕೊಟ್ಟ ದರವನ್ನು ಹಿಂದಿನಿಂದಲೇ ಕಡಿಮೆ ಮಾಡುವ, ಹಣ ತಡೆಹಿಡಿಯುವ ಹಂತಕ್ಕೆ ಬಂತು. 2025ರ ಮಾರ್ಚ್‌ನಲ್ಲಿ ವಿದೇಶಿ ಹೂಡಿಕೆದಾರರ ಒಂದು ಗುಂಪು ಸರ್ಕಾರಕ್ಕೆ ಪತ್ರ ಬರೆದು, ಇದರಿಂದ 1,300 ಕೋಟಿ ಡಾಲರ್ ಹೂಡಿಕೆಗೆ ಅಪಾಯ ಇದೆ ಅಂತ ಹೇಳಬೇಕಾಯಿತು. ಶೈಲಜಾ ಅವರು ಗುತ್ತಿಗೆ ಷರತ್ತಿನ ಬಗ್ಗೆ ಹೇಳಿದ್ದು ಇದಕ್ಕೇ ಹೊಂದುತ್ತದೆ.

ಇದರ ಜೊತೆ ಇನ್ನೊಂದು. ಕಲ್ಲಿದ್ದಲಿನ ವಿರುದ್ಧ ಮಾಡಿದ ಕೆಲಸಕ್ಕೆ 2018ರಲ್ಲಿ ಗೋಲ್ಡ್‌ಮನ್ ಪ್ರಶಸ್ತಿ ಪಡೆದ ಪರಿಸರ ಕಾರ್ಯಕರ್ತೆಯನ್ನು 2022ರಲ್ಲಿ ತೆರಿಗೆ ಕೇಸಿನಲ್ಲಿ ಜೈಲಿಗೆ ಹಾಕಿದರು. ಸರ್ಕಾರದ ಇಂಧನ ಲೆಕ್ಕ ತಪ್ಪಿದೆ ಅಂತ ದೇಶದ ಒಳಗೇ ಹೇಳುವವರು ಬೇಕು. ಅವರ ಬಾಯಿ ಮುಚ್ಚಿಸಿದರೆ ಹೂಡಿಕೆದಾರನಿಗೆ ಕತ್ತಲಾದ ಮೇಲೆಯೇ ಗೊತ್ತಾಗುವುದು.

ಪೂವಯ್ಯ, ಕೊಡಗು:
ನನ್ನ ಮೊದಲ ಮಾತಿನಿಂದ ನಾನು ಆ ದೇಶದ ವಿರೋಧಿ ಅಂತ ಯಾರೂ ತಿಳಿಯಬಾರದು. ಡಾಕ್ ಲಾಕ್ ಕಡೆಯ ಕಾಫಿ ಬೆಳೆಗಾರರ ಬಗ್ಗೆ ನನಗೆ ಬಹಳ ಗೌರವ ಇದೆ. ಎಂಬತ್ತರ ದಶಕದಲ್ಲಿ ಲೆಕ್ಕಕ್ಕೇ ಇರದಿದ್ದ ದೇಶ ಇವತ್ತು ರೋಬಸ್ಟಾದಲ್ಲಿ ಜಗತ್ತಿಗೇ ಮೊದಲು. 2024ರಲ್ಲಿ ಅಲ್ಲಿ ಬರ ಬಂದು ಬೆಳೆ ಕಡಿಮೆಯಾದಾಗ ಲಂಡನ್ ಪೇಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ನಮಗೂ ಹಿಂದೆಂದೂ ಕಾಣದ ಬೆಲೆ ಸಿಕ್ಕಿತು. ಅವರ ಕಾಫಿ ರಫ್ತು ಆ ವರ್ಷ 500 ಕೋಟಿ ಡಾಲರ್ ದಾಟಿತು. ಕೆಲವರು ಕಾಫಿ ಕಿತ್ತು ಡ್ಯೂರಿಯನ್ ಹಾಕಿದರು, ಚೀನಾದಲ್ಲಿ ಆ ಹಣ್ಣಿಗೆ ಅಷ್ಟು ಬೇಡಿಕೆ.

ಫೋನಿನ ಎದುರು ಕಾಫಿಯ ಹಣ ಚಿಕ್ಕದು ಅಂತ ಗೊತ್ತು. ಆದರೆ ಗಿಡ, ದುಡಿಮೆ, ಬೆಳೆ ಎಲ್ಲ ಆ ಊರಿನವರದ್ದೇ. ನಾಗರಾಜ್ ಹುಡುಕಿದ ಸ್ಥಳೀಯ ಕೈ ಅಲ್ಲಿದೆ. ಹನೋಯ್‌ನವರು ಅತ್ತ ಯಾಕೆ ಇಷ್ಟು ಕಡಿಮೆ ಹೂಡುತ್ತಾರೆ ಅನ್ನುವುದೇ ನನ್ನ ಪ್ರಶ್ನೆ. ಹುರಿದು, ಪುಡಿ ಮಾಡಿ, ಅವರದ್ದೇ ಹೆಸರಿನಲ್ಲಿ ಮಾರಿದರೆ ಎಷ್ಟು ಜಾಸ್ತಿ ಸಿಗುತ್ತದೆ! ಈಗಲೂ ಬಹುಪಾಲು ಹೋಗುವುದು ಹಸಿ ಬೀಜವೇ. ನಮ್ಮದೂ ಅದೇ ಕಥೆ ಬಿಡಿ.

ಶೈಲಜಾ:
ಈ ಪ್ರಶ್ನೆಯನ್ನು ಪಕ್ಷವೂ ಈಗ ಕೇಳಿಕೊಂಡ ಹಾಗಿದೆ. 2025ರ ಮೇನಲ್ಲಿ ಬಂದ 68ನೇ ನಿರ್ಣಯ ಖಾಸಗಿ ವಲಯವನ್ನು ಆರ್ಥಿಕತೆಯ ಅತಿ ಮುಖ್ಯ ಚಾಲಕ ಅಂತ ಕರೆಯುತ್ತದೆ. 2030ಕ್ಕೆ 20 ಲಕ್ಷ ಕಂಪನಿ ಆಗಬೇಕು ಅನ್ನುತ್ತದೆ. ಕಮ್ಯುನಿಸ್ಟ್ ಪಕ್ಷದ ಬಾಯಲ್ಲಿ ಇದು ಸಣ್ಣ ಮಾತಲ್ಲ. 2024ರಿಂದ ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಶೇ. 15 ಕನಿಷ್ಠ ತೆರಿಗೆಯೂ ಬಂದಿದೆ. ಹಾಗಾಗಿ ಬರೀ ತೆರಿಗೆ ರಜೆ ತೋರಿಸಿ ಕರೆಯುವ ಕಾಲ ಮುಗಿಯುತ್ತಾ ಬಂತು.

ಆದರೆ ನನ್ನ ಅನುಮಾನ ಒಂದಿದೆ. ಸಾಲ, ಜಮೀನು, ಅನುಮತಿ ಇವೆಲ್ಲ ಮತ್ತೆ ನಾಲ್ಕೈದು ದೊಡ್ಡ ಸಮೂಹಗಳಿಗೇ ಹೋದರೆ? ವಿನ್‌ಗ್ರೂಪ್ ನೋಡಿ, ಮನೆ, ಆಸ್ಪತ್ರೆ, ಶಾಲೆ, ಕಾರು ಎಲ್ಲ ಅವರದ್ದೇ. ಅವರ ವಿನ್‌ಫಾಸ್ಟ್ 2025ರ ಆಗಸ್ಟ್‌ನಲ್ಲಿ ತೂತ್ತುಕುಡಿಯಲ್ಲಿ ಕಾರ್ಖಾನೆ ತೆರೆಯಿತು. ವಿಯೆಟ್ನಾಂ ಕಂಪನಿಯೊಂದು ಭಾರತಕ್ಕೆ ಬಂಡವಾಳ ತಂದಿದ್ದು ನನಗೆ ಖುಷಿಯೇ. ಆದರೆ ಆ ಕಾರಿನ ಕಂಪನಿ ಇನ್ನೂ ನಷ್ಟದಲ್ಲೇ ನಡೆಯುತ್ತಿದೆ, ಹಣ ಬರುತ್ತಿರುವುದು ಸಮೂಹದಿಂದ ಮತ್ತು ಅದರ ಒಡೆಯರಿಂದ. ದೇಶದಲ್ಲಿ ಬ್ಯಾಂಕ್ ಸಾಲದ ಮೊತ್ತ ಈಗಾಗಲೇ ಜಿಡಿಪಿಗಿಂತ ಜಾಸ್ತಿ ಇದೆ. ಇದರ ಮೇಲೆ ವರ್ಷಕ್ಕೆ ಶೇ. 10 ಬೆಳೆಯಬೇಕು ಅಂತ ಗುರಿ ಇಟ್ಟಿದ್ದಾರೆ. ಸಾಲ ತುಂಬಿ ಗುರಿ ಮುಟ್ಟಿಸಲು ಹೊರಟರೆ ಇನ್ನೊಂದು ಎಸ್‌ಸಿಬಿ ಹುಟ್ಟಲು ಎಷ್ಟು ಹೊತ್ತು?

ಸುಧೀಂದ್ರ:
ಗುರಿ ಜಾಸ್ತಿಯಾಯಿತು ಅನ್ನುವುದನ್ನು ಒಪ್ಪುತ್ತೇನೆ. ದಿಕ್ಕು ಸರಿ ಅನ್ನುವ ನನ್ನ ನಂಬಿಕೆ ಹಾಗೇ ಇದೆ. ನಾಗರಾಜ್ ಸರ್, ಒಂದು ನೇರ ಪ್ರಶ್ನೆ. ನೀವು ಅಲ್ಲಿ ಶೆಡ್ ಹಾಕುತ್ತೀರಾ?

ನಾಗರಾಜ್, ಪೀಣ್ಯ:
ಈಗ ಇಲ್ಲ. ಅಲ್ಲಿನ ಟೂಲ್ ರೂಂ ಜೊತೆ ಪಾಲುದಾರಿಕೆ ಸಿಕ್ಕರೆ ಹೌದು. ಕೊರಿಯಾ, ಚೀನಾದವರು ತಮ್ಮವರನ್ನೇ ಕರೆತಂದಿರುವ ಕಡೆ ನಾನೊಬ್ಬ ಮೂರನೆಯವನಾಗಿ ಹೋಗಿ ಗೆಲ್ಲುವುದು ಕಷ್ಟ. ಆದರೆ ಹಾದು ಬರುವ ಮಾಲಿನ ಸುಂಕದ ಗೆರೆ ಎಲ್ಲಿ ಬೀಳುತ್ತದೋ, ಅದನ್ನು ನೋಡಿಕೊಂಡು ದೊಡ್ಡ ಕಂಪನಿಗಳು ಸ್ಥಳೀಯ ಬಿಡಿಭಾಗ ಹುಡುಕಲೇಬೇಕಾಗುತ್ತದೆ. ಆಗ ಮೋಲ್ಡ್ ಮಾಡುವ ವಿಯೆಟ್ನಾಂ ಹುಡುಗರಿಗೆ ಕೆಲಸ ಬರುತ್ತದೆ, ಅವರಿಗೆ ಕಲಿಸಲು ನಮ್ಮಂಥವರೂ ಬೇಕಾಗುತ್ತಾರೆ. ನಾನು ನೋಡುತ್ತಿರುವುದು ಷೇರು ಸೂಚ್ಯಂಕವನ್ನಲ್ಲ, ಬಾಕ್ ನಿನ್‌ನ ದೊಡ್ಡ ಕಾರ್ಖಾನೆಗಳ ವೆಂಡರ್ ಪಟ್ಟಿಯಲ್ಲಿ ಎಷ್ಟು ವಿಯೆಟ್ನಾಂ ಹೆಸರುಗಳು ಸೇರುತ್ತವೆ ಅನ್ನುವುದನ್ನು.