ಬಾಳೆ ಕಲ್ಚರ್‌ನಲ್ಲಿ ಹಾಲಿನಂಥ ಮಬ್ಬು, ಸ್ಟ್ರೆಪ್ಟೊಮೈಸಿನ್ ಹಾಕಬಹುದಾ?

ಬಾಳೆ_ಹುಡುಗ:
ಚಿಕ್ಕ ಟಿಶ್ಯೂ ಕಲ್ಚರ್ ಲ್ಯಾಬ್ ನಮ್ಮದು, ಬಾಟಲಿಯಲ್ಲಿ ಜಿ-9 ತಳಿಯ ಬಾಳೆ ಸಸಿ ಮಾಡ್ತೀವಿ. ಮೊದಲೆರಡು ಸಬ್‌ಕಲ್ಚರ್ (ಚಿಗುರು ಬಿಡಿಸಿ ಹೊಸ ಪೋಷಕ ಮೀಡಿಯಾಕ್ಕೆ ಹಾಕೋದು) ಚೆನ್ನಾಗಿತ್ತು. ಈಗ ಚಿಗುರಿನ ಬುಡದ ಸುತ್ತ ಅಗರ್ (ಮೀಡಿಯಾ ಗಟ್ಟಿ ಮಾಡೋ ಜೆಲ್ಲಿ) ಒಳಗೆ ಬಿಳಿ ಮಬ್ಬು. ಎಳೆ ಕಾಣ್ತಿಲ್ಲ, ಬೂಸ್ಟಂತೂ ಅಲ್ಲ. ಬರೀ ಮೀಡಿಯಾ ಇರೋ ಬಾಟಲಿಗಳು ಸ್ವಚ್ಛವಾಗಿವೆ. ಪರಿಚಯದವರೊಬ್ಬರು ಸ್ಟ್ರೆಪ್ಟೊಮೈಸಿನ್ ಆಂಟಿಬಯಾಟಿಕ್ ಹಾಕಿ ನೋಡಿ ಅಂದ್ರು.

ಹುಡ್_ಅಕ್ಕ:
ಮೀಡಿಯಾ ಸ್ವಚ್ಛ ಇದ್ದು ಬುಡದಿಂದಲೇ ಮಬ್ಬು ಹೊರಟಿದೆ ಅಂದ್ರೆ ಬ್ಯಾಕ್ಟೀರಿಯಾ ಕಂದಿನ ಒಳಗೇ ಇದ್ದಿರಬೇಕು. ಬಾಳೆಗೆ ಇದು ಮಾಮೂಲಿ ಕಾಟ. ಶುರುವಲ್ಲಿ ಕಂದು ತೊಳೆಯೋ ಮರ್ಕ್ಯುರಿಕ್ ಕ್ಲೋರೈಡ್ ಹೊರಮೈ ತೊಳೆಯುತ್ತೆ ಅಷ್ಟೆ.

ಸ್ಟ್ರೆಪ್ಟೊಮೈಸಿನ್ ನಾನಂತೂ ಹಾಕಲ್ಲ. ಅದು ಹಿಡಿಯೋದು ಬ್ಯಾಕ್ಟೀರಿಯಾದ ರೈಬೋಸೋಮನ್ನ (ಪ್ರೋಟೀನ್ ತಯಾರಿಸೋ ಭಾಗ), ಗಿಡದ ಹಸಿರು ಕಣ ಕ್ಲೋರೋಪ್ಲಾಸ್ಟ್‌ನಲ್ಲೂ ಅದೇ ಜಾತಿಯದ್ದಿದೆ. ಚಿಗುರು ಬೆಳ್ಳಗೆ ಬಿಳಿಚಿಕೊಳ್ಳುತ್ತೆ. ಬದಲಿಗೆ ಸೆಫೋಟ್ಯಾಕ್ಸಿಮ್ ಹಾಕಿ, ಈ ಆಂಟಿಬಯಾಟಿಕ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟೋದನ್ನ ತಡೆಯುತ್ತೆ, ಗಿಡಕ್ಕೆ ಆ ಬಗೆಯ ಭಿತ್ತಿಯೇ ಇಲ್ಲ. ಲೀಟರಿಗೆ 250 ಮಿ.ಗ್ರಾಂನಿಂದ ಶುರು ಮಾಡಿ. 1 ಗ್ರಾಂ ವಯಲ್‌ನ ಪುಡಿಯನ್ನ 10 ಮಿ.ಲೀ. ಸ್ಟೆರೈಲ್ ನೀರಲ್ಲಿ ಕರಗಿಸಿದ್ರೆ ಲೀಟರಿಗೆ 2.5 ಮಿ.ಲೀ. ಸಾಕು. ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲೋ ಯಂತ್ರ) ಮಾತ್ರ ಇಡಬೇಡಿ, ಶಾಖಕ್ಕೆ ಕೆಡುತ್ತೆ. ಮೀಡಿಯಾ 50 ಡಿಗ್ರಿ ಆಸುಪಾಸಿಗೆ ಇಳಿದ ಮೇಲೆ, ಅಗರ್ ಗಟ್ಟಿಯಾಗೋ ಮುಂಚೆ, ಹುಡ್ (ಫಿಲ್ಟರ್ ಆದ ಗಾಳಿ ಬರೋ ಕೆಲಸದ ಪೆಟ್ಟಿಗೆ) ಒಳಗೆ 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್ ಮೂಲಕ ಹಾಕಿ.

ಮಬ್ಬು ಹೋಯ್ತು ಅಂತ ಖುಷಿಪಡಬೇಡಿ. ಬೆಳೀತಿರೋ ಬ್ಯಾಕ್ಟೀರಿಯಾ ಮಾತ್ರ ಸಾಯುತ್ತೆ, ಸುಮ್ಮನೆ ಕೂತಿರೋದು ಔಷಧಿ ಬಿಟ್ಟ ಮೇಲೆ ಎದ್ದು ಬರುತ್ತೆ. ಔಷಧಿ ಇಲ್ಲದ ಮೀಡಿಯಾದಲ್ಲಿ ಒಂದು ಸುತ್ತು ಬೆಳೆಸಿ, ಬುಡದ ಚೂರು ಕತ್ತರಿಸಿ ಬ್ಯಾಕ್ಟೀರಿಯಾ ಬೆಳೆಸೋ ನ್ಯೂಟ್ರಿಯಂಟ್ ಅಗರ್ ಮೇಲೆ ಎಳೆದು ಏನಾದ್ರೂ ಬೆಳೆಯುತ್ತಾ ನೋಡಿ.

ಇಷ್ಟೆಲ್ಲ ಹೇಳಿದ್ರೂ, ಜಿ-9ಗೆ ಈ ಪಾಡು ಯಾಕೆ? ಒಳ್ಳೆ ಕಂದು ಎಲ್ಲಾದ್ರೂ ಸಿಗುತ್ತೆ. ಅಪರೂಪದ ನಂಜನಗೂಡು ರಸಬಾಳೆ ಆಗಿದ್ರೆ ಮಾತು ಬೇರೆ.

ಮೈಕ್ರೋ_ಮೇಷ್ಟ್ರು:
ಮೊದಲು ಗ್ರಾಮ್ ಸ್ಟೇನ್ (ಬ್ಯಾಕ್ಟೀರಿಯಾದ ಬಗೆ ತಿಳಿಯೋ ಬಣ್ಣದ ಪರೀಕ್ಷೆ) ಮಾಡಿ ಸ್ವಾಮಿ. ಯಾವುದು ಅಂತ ಗೊತ್ತಿಲ್ಲದೆ ಆಂಟಿಬಯಾಟಿಕ್ ಸುರಿದ್ರೆ ನಿರೋಧಕ ತಳಿಯನ್ನ ನಾವೇ ಸಾಕಿದ ಹಾಗೆ.

ಬಾಳೆ_ಹುಡುಗ:
ಮಾಡಿಸಿದೆ ಸರ್. ನೇರಳೆ ಬಣ್ಣದ ಕಡ್ಡಿಗಳು, ಕೆಲವುದರ ನಡುವೆ ಬಣ್ಣ ಹಿಡಿಯದ ಮೊಟ್ಟೆಯಾಕಾರದ ಜಾಗ.

ಮೈಕ್ರೋ_ಮೇಷ್ಟ್ರು:
ಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ಇದ್ದಂಗಿದೆ. ಆ ಜಾಗ ಸ್ಪೋರ್, ಅಂದ್ರೆ ಅದರ ಗಟ್ಟಿ ಸುಪ್ತ ರೂಪ, ಅದಕ್ಕೆ ಸೆಫೋಟ್ಯಾಕ್ಸಿಮ್ ನಾಟಲ್ಲ. ಹುಡ್ ಒರೆಸೋ ಸ್ಪಿರಿಟ್ಟಿಗೂ ಜಗ್ಗಲ್ಲ.

ಹುಡ್_ಅಕ್ಕ:
ಹಾಗಾದ್ರೆ ಆ ಲೈನ್ (ಅದೇ ಕಂದಿನಿಂದ ಬಂದ ಬಾಟಲಿಗಳು) ಪೂರ್ತಿ ತೆಗೆದುಬಿಡಿ. ಮುಚ್ಚಳ ತೆಗೆಯೋ ಮುಂಚೆ ಬಾಟಲಿಗಳನ್ನ ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ ಹಾಕಿ. ಚಿಮುಟ, ಬ್ಲೇಡನ್ನ ಸ್ಪಿರಿಟ್ಟಲ್ಲಿ ಅದ್ದಿ ಸುಟ್ಟರೆ ಸಾಲದು, ಗ್ಲಾಸ್ ಬೀಡ್ ಸ್ಟೆರಿಲೈಸರ್ (ಕಾದ ಗಾಜಿನ ಮಣಿಗಳಲ್ಲಿ ಉಪಕರಣ ಅದ್ದೋದು) ಇಟ್ಕೊಳ್ಳಿ.